ನಮ್ಮ ತಲೆಯೂ ಲೆಕ್ಕಕ್ಕೆ ಬರಲಿ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಬೆಳೆದ ನನ್ನ ವಯಸ್ಸಿನವರಿಗೆ ನಮ್ಮನ್ನು ಅಳೆಯಲು ಯಾರುಯಾರು ಬಂದರು ಎಂಬುದು ಚೆನ್ನಾಗಿ ನೆನಪಿದೆ. ಅಂಗನವಾಡಿಯ ತಕ್ಕಡಿಯಲ್ಲಿ ತೂಗಿದರು, ಶಾಲೆಯ ಗೋಡೆಗೆ ನಿಲ್ಲಿಸಿ ಎತ್ತರ ಬರೆದುಕೊಂಡರು, ಜ್ವರ ಬಂದಾಗ ಬೆರಳು ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ಸವರಿಕೊಂಡರು, ಕಣ್ಣಿನ ಶಿಬಿರದಲ್ಲಿ ದೂರದ ಅಕ್ಷರ ಓದಿಸಿದರು. ಜನಗಣತಿ, ದನಗಣತಿ, ಬೆಳೆ ಸಮೀಕ್ಷೆ ಎಲ್ಲವೂ ಆದವು. ಆದರೆ ನಾವು ಹೇಗೆ ಯೋಚಿಸುತ್ತೇವೆ, ಹೋದ ದಾರಿಯನ್ನು ಹೇಗೆ ನೆನಪಿಟ್ಟುಕೊಳ್ಳುತ್ತೇವೆ, ವಯಸ್ಸಾದವರ ಮರೆವು ಯಾವ ಹಂತದಲ್ಲಿ ಕಾಯಿಲೆಯಾಗುತ್ತದೆ ಎಂದು ತಿಳಿಯಲು ಬಂದವರು ಇಲ್ಲವೆನ್ನುವಷ್ಟು ಕಡಿಮೆ. ಆ ಕೆಲಸ ನಡೆಯುವುದು ದೊಡ್ಡ ಊರುಗಳಲ್ಲಿ, ದಾವಣಗೆರೆಯಿಂದಲೂ ಬಸ್ಸಿನಲ್ಲಿ ಐದಾರು ತಾಸು ಆಚೆ. ಅಲ್ಲಿ ವರ್ಚುವಲ್ ರಿಯಾಲಿಟಿ (ವಿಆರ್) ಕನ್ನಡಕವನ್ನು ತಲೆಗೆ ಬಿಗಿದುಕೊಂಡು, ಇಲ್ಲದ ಬೀದಿಯಲ್ಲಿ ದಾರಿ ಹುಡುಕಿ, ತೋರಿಸಿದ ವಸ್ತುಗಳನ್ನು ನೆನಪಿನಿಂದ ಹೇಳಿ ಬಂದ ಸ್ವಯಂಸೇವಕರಲ್ಲಿ ನಾನೂ ಒಬ್ಬ. ಅದನ್ನು ಕಥೆಯಾಗಿ ಹೇಳುವ ಇರಾದೆ ನನಗಿಲ್ಲ. ಅದು ಎಬ್ಬಿಸಿದ ಪ್ರಶ್ನೆ ಮಾತ್ರ ವರ್ಷ ಕಳೆದಂತೆ ದೊಡ್ಡದಾಗುತ್ತಾ ಬಂದಿದೆ. ನಮ್ಮಂಥ ತಾಲ್ಲೂಕುಗಳ ಜನ ಬುದ್ಧಿಯನ್ನು, ನೆನಪನ್ನು, ಗಮನವನ್ನು ಅಳೆಯುವ ಇಂಥ ಅಧ್ಯಯನಗಳಿಗೆ ಸೇರಬೇಕೆ? ಸೇರಬೇಕು, ಷರತ್ತು ಹಾಕಿ ಸೇರಬೇಕು ಎಂಬುದು ನನ್ನ ಉತ್ತರ. ನಾವು ಹೊರಗಿದ್ದಷ್ಟು ಕಾಲ ಬೇರೆಯವರ ತಲೆಗೆ ಹೊಂದುವ ಅಳತೆಯಲ್ಲೇ ನಮ್ಮ ಅಜ್ಜ ಅಜ್ಜಿಯರ ಕಾಯಿಲೆಯನ್ನೂ ಮಕ್ಕಳ ಜಾಣತನವನ್ನೂ ತೀರ್ಮಾನಿಸುತ್ತಾರೆ.

ಇದು ಬರೀ ಅಭಿಮಾನದ ಮಾತಲ್ಲ ಎನ್ನುವುದಕ್ಕೆ ಲೆಕ್ಕವಿದೆ. 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಅವರ ಇಬ್ಬರು ಸಂಗಡಿಗರು ಬರೆದ ಲೇಖನವೊಂದು ಮನಃಶಾಸ್ತ್ರದವರನ್ನು ಬಹಳ ಕಾಡಿತು. ಪ್ರಮುಖ ಮನಃಶಾಸ್ತ್ರ ಪತ್ರಿಕೆಗಳಲ್ಲಿ ಬಂದ ಪ್ರಯೋಗಗಳಿಗೆ ಒಳಗಾದವರಲ್ಲಿ ನೂರಕ್ಕೆ 96 ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು, ಆ ದೇಶಗಳಲ್ಲಿರುವುದೋ ಜಗತ್ತಿನ ಜನಸಂಖ್ಯೆಯ ಶೇ. 12 ಮಾತ್ರ ಎಂಬ ಎಣಿಕೆಯನ್ನು ಅವರು ಮುಂದಿಟ್ಟರು. ಅವರಲ್ಲೂ ಬಹುಪಾಲು ಕಾಲೇಜು ವಿದ್ಯಾರ್ಥಿಗಳು. ಮನುಷ್ಯನ ಮನಸ್ಸು ಹೀಗೆ ಎಂದು ಪಠ್ಯಪುಸ್ತಕಗಳು ಹೇಳಿದ್ದು ಎಷ್ಟೋ ಸಲ ಇಪ್ಪತ್ತು ವರ್ಷದ ಅಮೆರಿಕನ್ ವಿದ್ಯಾರ್ಥಿಯ ಮನಸ್ಸನ್ನು ಕುರಿತದ್ದಾಗಿತ್ತು. ಇದರ ಪರಿಣಾಮ ಎಂಥದ್ದು ಎಂಬ ಸುಳಿವು ಅದಕ್ಕೂ ಸುಮಾರು ಎಂಬತ್ತು ವರ್ಷ ಮೊದಲೇ ಸಿಕ್ಕಿತ್ತು. ರಷ್ಯಾದ ಅಲೆಕ್ಸಾಂಡರ್ ಲೂರಿಯಾ 1931 ಮತ್ತು 1932ರಲ್ಲಿ ಉಜ್ಬೆಕಿಸ್ತಾನದ ರೈತರ ನಡುವೆ ಪ್ರಯೋಗ ನಡೆಸಿದರು. ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ ಈ ನಾಲ್ಕರಲ್ಲಿ ಗುಂಪಿಗೆ ಸೇರದ್ದು ಯಾವುದು ಎಂದು ಕೇಳಿದರೆ ಶಾಲೆಗೆ ಹೋದವರು ದಿಮ್ಮಿಯನ್ನು ತೆಗೆದಿಟ್ಟರು. ಅಕ್ಷರ ಕಲಿಯದ ರೈತರು ಯಾವುದನ್ನೂ ತೆಗೆಯಲು ಒಪ್ಪಲಿಲ್ಲ. ದಿಮ್ಮಿಯೇ ಇಲ್ಲದಿದ್ದರೆ ಕೊಡಲಿಗೂ ಗರಗಸಕ್ಕೂ ಏನು ಕೆಲಸ ಎಂಬುದು ಅವರ ವಾದ. ಜಗಳೂರಿನ ಬಡಗಿಯನ್ನು ಕೇಳಿದರೂ ಬಹುಶಃ ಇದೇ ಉತ್ತರ ಬಂದೀತು, ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಪರೀಕ್ಷೆಯ ಉತ್ತರಪಟ್ಟಿಯಲ್ಲಿ ಮಾತ್ರ ಅದಕ್ಕೆ ಸೊನ್ನೆ.

ಈ ತೊಡಕನ್ನು ಕನ್ನಡ ನಾಡಿನವರು ಕಾಣದೆ ಇರಲಿಲ್ಲ, ಮತ್ತು ಆ ಚರಿತ್ರೆಯನ್ನು ನಾವು ಹೆಚ್ಚು ನೆನೆಯಬೇಕು. ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ರೂಪಿಸಿದ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಲು ಧಾರವಾಡದಲ್ಲಿ ವಿ.ವಿ. ಕಾಮತರು 1930ರ ದಶಕದಲ್ಲೇ ದುಡಿದರು. ಬಾಂಬೆ-ಕರ್ನಾಟಕ ಪರಿಷ್ಕರಣೆ ಎಂದೇ ಹೆಸರಾದ ಆ ಕೆಲಸ 1940ರಲ್ಲಿ ಪುಸ್ತಕವಾಗಿ ಬಂತು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಕಲಿತು ಬಂದವರು. ಬುದ್ಧಿ ಪರೀಕ್ಷೆಗಳನ್ನು ಇಲ್ಲಿನ ಮಕ್ಕಳಿಗೆ ತಕ್ಕಂತೆ ಮಾಡಬೇಕೆಂದು ಮೊದಲು ಹೊರಟವರಲ್ಲಿ ಅವರೂ ಸೇರುತ್ತಾರೆ. ಇವರಿಗೆಲ್ಲ ತಿಳಿದಿದ್ದ ಒಂದು ಸಂಗತಿಯೆಂದರೆ, ಪರೀಕ್ಷೆಯನ್ನು ಭಾಷಾಂತರಿಸಿದರೆ ಸಾಲದು, ನಮ್ಮ ಮಕ್ಕಳನ್ನು ಸಾವಿರದ ಲೆಕ್ಕದಲ್ಲಿ ಕೂರಿಸಿ ಯಾವ ವಯಸ್ಸಿಗೆ ಯಾವ ಪ್ರಶ್ನೆ ಸಹಜವೆಂದು ನೋಡಲೇಬೇಕು. ಹಿರಿಯರ ವಿಷಯದಲ್ಲೂ ಹೀಗೇ ಆಯಿತು. ಮರೆವಿನ ಕಾಯಿಲೆ ಗುರುತಿಸಲು ಜಗತ್ತಿನಾದ್ಯಂತ ಬಳಸುವ ಮೂವತ್ತು ಅಂಕಗಳ ಪುಟ್ಟ ಪರೀಕ್ಷೆ 1975ರದ್ದು. ಅದರಲ್ಲಿ ಒಂದು ವಾಕ್ಯ ಬರೆಯಬೇಕು, ಚೀಟಿಯಲ್ಲಿರುವುದನ್ನು ಓದಿ ಹಾಗೆ ಮಾಡಬೇಕು, ಇವತ್ತಿನ ತಾರೀಕು ಹೇಳಬೇಕು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ಭಾರತ ಮತ್ತು ಅಮೆರಿಕದ ತಂಡವೊಂದು ಇದನ್ನು ಹಿಂದಿಗೆ ಒಗ್ಗಿಸಿ 1995ರಲ್ಲಿ ಪ್ರಕಟಿಸಿತು. ಬರೆಯುವ ಬದಲು ನಿಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಿ ಎಂದರು, ಓದುವ ಬದಲು ನನ್ನನ್ನು ನೋಡಿ ನಾನು ಮಾಡಿದಂತೆ ಮಾಡಿ ಎಂದರು. ಅಕ್ಷರ ಬಾರದ ಹಳ್ಳಿಯ ಅಜ್ಜಿಯರು ಎದುರು ಕೂತು ಉತ್ತರಿಸಿದ್ದರಿಂದಲೇ ಆ ಪ್ರಶ್ನೆಗಳು ಬದಲಾದವು. ಪರೀಕ್ಷೆ ರೂಪಿಸುವವರಿಗೆ ತಾವಾಗಿ ಇದು ಹೊಳೆಯುತ್ತದೆಂದು ಕಾದಿದ್ದರೆ ಇನ್ನೂ ಕಾಯಬೇಕಿತ್ತು.

ಈಗ ನಮ್ಮ ತಾಲ್ಲೂಕುಗಳ ಸ್ಥಿತಿಗೆ ಬರುತ್ತೇನೆ. ದೇಶದಾದ್ಯಂತ ಹಿರಿಯರ ಮೇಲೆ ನಡೆದ ದೊಡ್ಡ ಅಧ್ಯಯನವೊಂದರ ಆಧಾರದ ಮೇಲೆ 2023ರಲ್ಲಿ ಬಂದ ಅಂದಾಜಿನಂತೆ, 60 ದಾಟಿದ ಭಾರತೀಯರಲ್ಲಿ ಶೇ. 7.4 ಮಂದಿಗೆ ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆ ಇದೆ. ಅಂದರೆ ಸುಮಾರು 88 ಲಕ್ಷ ಜನ. ಪೇಟೆಗಳಲ್ಲಿ ಶೇ. 5.3 ಇದ್ದರೆ ಹಳ್ಳಿಗಳಲ್ಲಿ 8.4, ಗಂಡಸರಲ್ಲಿ 5.8 ಇದ್ದರೆ ಹೆಂಗಸರಲ್ಲಿ 9. ಇದನ್ನು ಓದಿದಾಗ ಎರಡು ಸಾಧ್ಯತೆ ಎದ್ದು ನಿಲ್ಲುತ್ತವೆ. ಹಳ್ಳಿಯ ಹೆಂಗಸರಿಗೆ ಕಾಯಿಲೆ ನಿಜವಾಗಿಯೂ ಹೆಚ್ಚಿರಬಹುದು. ಶಾಲೆ ಸಿಗದ ಬಾಲ್ಯ, ಅರೆಹೊಟ್ಟೆ, ಔಷಧಿ ಕಾಣದ ರಕ್ತದೊತ್ತಡ ಇವೆಲ್ಲ ಅದಕ್ಕೆ ಕಾರಣಗಳೇ. ಅಥವಾ, ಶಾಲೆಗೆ ಹೋಗದವರನ್ನು ಶಾಲೆಯ ರೀತಿಯಲ್ಲಿ ಕೇಳಿದ್ದರಿಂದ ಅಂತರ ಇರುವುದಕ್ಕಿಂತ ದೊಡ್ಡದಾಗಿ ಕಂಡಿರಬಹುದು. ಆ ಅಧ್ಯಯನದವರು ಓದು ಬಾರದವರಿಗೆ ಹೊಂದುವ ಪ್ರಶ್ನೆಗಳನ್ನೇ ಬಳಸಿದರು, ಮನೆಯವರನ್ನೂ ವಿಚಾರಿಸಿದರು, ನಿಜ. ಆದರೂ ಎರಡನ್ನೂ ಪೂರ್ತಿ ಬೇರ್ಪಡಿಸುವುದು ಕಷ್ಟ. ಹಿಂದೆ ಒಂದು ಸಂತೆಯ ಸೇರು ಇನ್ನೊಂದು ಸಂತೆಯ ಸೇರಿಗೆ ಸಮವಾಗಿರಲಿಲ್ಲ, ಕಾಳು ಕಡಿಮೆ ಬಿತ್ತೋ ಸೇರೇ ದೊಡ್ಡದಿತ್ತೋ ಎಂಬ ಜಗಳ ತೀರಬೇಕಾದರೆ ಎರಡೂ ಸೇರನ್ನು ಒಂದೇ ಕಾಳಿನಿಂದ ತುಂಬಿ ನೋಡಬೇಕಿತ್ತು. ಮನಸ್ಸಿನ ಅಳತೆಗೂ ಅಂಥದೊಂದು ಪರೀಕ್ಷೆ ಬೇಕು. ಅದಕ್ಕೆ ಹೊನ್ನಾಳಿಯ ಹೊಲದಲ್ಲಿ ಬದುಕು ಕಳೆದವರೂ ಬೆಂಗಳೂರಿನ ಬ್ಯಾಂಕಿನಿಂದ ನಿವೃತ್ತರಾದವರೂ ಒಂದೇ ಕೆಲಸವನ್ನು ಒಂದೇ ಪರಿಸ್ಥಿತಿಯಲ್ಲಿ ಮಾಡಿ ತೋರಿಸಬೇಕು.

ವರ್ಚುವಲ್ ರಿಯಾಲಿಟಿಯ ಬಗ್ಗೆ ನನಗೆ ಭರವಸೆ ಮೂಡಿದ್ದು ಈ ಜಾಗದಲ್ಲಿ. 1968ರಲ್ಲಿ ಐವನ್ ಸದರ್ಲೆಂಡ್ ಮಾಡಿದ ಮೊದಲ ತಲೆಪರದೆ ಎಷ್ಟು ಭಾರವಿತ್ತೆಂದರೆ ಅದನ್ನು ಮಾಳಿಗೆಯಿಂದ ತೂಗುಹಾಕಬೇಕಾಗಿತ್ತು. ಈಗಿನದು ಮೊಬೈಲ್ ಅಂಗಡಿಯಲ್ಲಿ ಸಿಗುವ ವಸ್ತು. ಅದರೊಳಗೆ ಓದು ಬರಹವಿಲ್ಲದೆಯೂ ಪರೀಕ್ಷೆ ಮಾಡಬಹುದು. ನಡೆ, ತಿರುಗು, ಹೊರಟ ಜಾಗಕ್ಕೆ ವಾಪಸು ಬಾ ಎಂದರೆ ಸಾಕು. ಡಿಮೆನ್ಶಿಯಾ ತರುವ ಅಲ್ಜೈಮರ್ಸ್ ಕಾಯಿಲೆ ಮೆದುಳಿನಲ್ಲಿ ಬಹಳ ಮೊದಲೇ ಹಾನಿ ಮಾಡುವ ಭಾಗ ಎಂಟೋರೈನಲ್ ಕಾರ್ಟೆಕ್ಸ್. ನಾವು ಎಲ್ಲಿದ್ದೇವೆ, ಎಷ್ಟು ದೂರ ಬಂದೆವು ಎಂದು ಲೆಕ್ಕವಿಡುವ ಕೋಶಗಳು ಇರುವುದೂ ಅಲ್ಲೇ. ಆ ಕೋಶಗಳನ್ನು ಕಂಡುಹಿಡಿದ ಮೋಸರ್ ದಂಪತಿಗೆ, ಜಾಗವನ್ನು ಗುರುತಿಸುವ ಕೋಶಗಳನ್ನು ಮೊದಲು ಕಂಡ ಜಾನ್ ಓಕೀಫ್ ಜೊತೆಗೆ, 2014ರಲ್ಲಿ ನೊಬೆಲ್ ಬಂತು. 2019ರಲ್ಲಿ ಇಂಗ್ಲೆಂಡಿನ ತಂಡವೊಂದು ಸ್ವಲ್ಪ ಮರೆವು ಶುರುವಾದ 45 ಮಂದಿಯನ್ನೂ ಆರೋಗ್ಯವಂತ 41 ಮಂದಿಯನ್ನೂ ವಿಆರ್ ಕನ್ನಡಕದೊಳಗೆ ನಡೆಸಿ, ತಿರುವುಗಳಾದ ಮೇಲೆ ಹೊರಟ ಜಾಗಕ್ಕೆ ಮರಳಲು ಹೇಳಿತು. ಮರೆವು ಇದ್ದವರಲ್ಲಿಯೂ ಬೆನ್ನುಹುರಿಯ ದ್ರವದಲ್ಲಿ ಅಲ್ಜೈಮರ್ಸ್ ಸುಳಿವು ಸಿಕ್ಕವರೇ ಹೆಚ್ಚು ದಾರಿ ತಪ್ಪಿದರು. ಪೆನ್ನು ಕಾಗದದ ಪರೀಕ್ಷೆಗಳು ಆ ಭೇದವನ್ನು ಅಷ್ಟು ಚೆನ್ನಾಗಿ ಹಿಡಿಯಲಿಲ್ಲ. ಚಿಕ್ಕ ಅಧ್ಯಯನವೇ, ಆದರೆ ದಿಕ್ಕು ಸ್ಪಷ್ಟ. ನಾಗರಕಟ್ಟೆಯ ಕಡೆ ದನ ಕಾದ ಮುದುಕ ಸಹಿ ಮಾಡಲಾರ, ನೂರರಿಂದ ಏಳೇಳು ಕಳೆಯುತ್ತಾ ಹೋಗಲಾರ, ಆದರೆ ದಾರಿಯ ಜ್ಞಾನದಲ್ಲಿ ಅವನಿಗೆ ಮೇಲು ಯಾರೂ ಇಲ್ಲದಿರಬಹುದು. ಆ ಜ್ಞಾನ ಕುಂದುತ್ತಿದ್ದರೆ ಅದು ಕಾಯಿಲೆಯ ಮೊದಲ ಗುರುತೂ ಆಗಬಹುದು.

ಇಷ್ಟಕ್ಕೂ ದಾರಿ ಹುಡುಕುವ ಶಕ್ತಿ ಎಲ್ಲರಲ್ಲೂ ಒಂದೇ ರೀತಿ ಬೆಳೆಯುವುದಿಲ್ಲ ಎಂಬುದಕ್ಕೆ ಬಹು ದೊಡ್ಡ ಸಾಕ್ಷ್ಯವಿದೆ. 2016ರಲ್ಲಿ ಬಂದ ‘ಸೀ ಹೀರೋ ಕ್ವೆಸ್ಟ್’ ಎಂಬ ಮೊಬೈಲ್ ಆಟವನ್ನು ಡಿಮೆನ್ಶಿಯಾ ಸಂಶೋಧನೆಗಾಗಿಯೇ ಮಾಡಿದ್ದರು, ಜಗತ್ತಿನಾದ್ಯಂತ ನಲವತ್ತು ಲಕ್ಷಕ್ಕೂ ಹೆಚ್ಚು ಜನ ಅದನ್ನು ಆಡಿದರು, ಮುಂದಿನ ವರ್ಷ ಅದರ ವಿಆರ್ ರೂಪವೂ ಬಂತು. 38 ದೇಶಗಳ ಸುಮಾರು ನಾಲ್ಕು ಲಕ್ಷ ಆಟಗಾರರ ಲೆಕ್ಕ 2022ರಲ್ಲಿ ಪ್ರಕಟವಾಯಿತು. ಪೇಟೆಯ ಹೊರಗೆ ಬೆಳೆದವರು ಒಟ್ಟಾರೆ ದಾರಿ ಹುಡುಕುವುದರಲ್ಲಿ ಮುಂದಿದ್ದರು, ಪೇಟೆಯವರಲ್ಲೂ ಚೌಕುಳಿಯಂತೆ ಹೆಣೆದ ಬೀದಿಗಳ ನಗರಗಳಲ್ಲಿ ಬೆಳೆದವರು ಹೆಚ್ಚು ಹಿಂದೆ ಬಿದ್ದಿದ್ದರು. ಬಾಲ್ಯದ ನೆಲ ಮುದಿತನದವರೆಗೂ ತಲೆಯಲ್ಲಿ ಉಳಿಯುತ್ತದೆ ಎಂದಾಯಿತು. ಸೂಳೆಕೆರೆ ಏರಿಯ ಕೆಳಗಿನ ತೋಟಗಳಲ್ಲಿ, ಒಂದು ಅಡಿಕೆ ಸಾಲು ಇನ್ನೊಂದರಂತೆಯೇ ಕಾಣುವ ಕಡೆ, ಬೆಳೆದವರ ತಲೆಯಲ್ಲಿ ಎಂಥ ನಕ್ಷೆ ಮೂಡುತ್ತದೆ? ಮರ ಕಡಿಮೆ, ದಿಗಂತ ದೂರ ಇರುವ ಜಗಳೂರಿನ ಬಯಲಿನಲ್ಲಿ ಬೆಳೆದವರಲ್ಲಿ? ಒಂದೇ ಜಿಲ್ಲೆಯೊಳಗೆ ಮಲೆನಾಡಿನ ಅಂಚೂ ಬಯಲುಸೀಮೆಯ ಒಣನೆಲವೂ ಸೇರಿರುವುದು ಸಂಶೋಧಕರಿಗೆ ಹುಡುಕಿದರೂ ಸಿಗದ ಅವಕಾಶ. ಭಾಷೆಯ ವಿಷಯವೂ ಹೀಗೇ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ರೋಗಿಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಡಿಮೆನ್ಶಿಯಾ ನಾಲ್ಕೂವರೆ ವರ್ಷ ತಡವಾಗಿ ಬಂದದ್ದು ಕಂಡಿತು, ಅಕ್ಷರ ಬಾರದವರಲ್ಲೂ ಕಂಡಿತು. ಓದಿನ ಫಲವನ್ನು ಭಾಷೆಯ ಫಲದಿಂದ ಬೇರ್ಪಡಿಸಿ ನೋಡಲು ಶ್ರೀಮಂತ ದೇಶಗಳಲ್ಲಿ ಸಾಧ್ಯವಾಗಿರಲಿಲ್ಲ, ಅಲ್ಲಿ ಎರಡು ಭಾಷೆ ಬಲ್ಲ ನಿರಕ್ಷರಿಗಳು ಎಲ್ಲಿ ಸಿಗಬೇಕು? ಮನೆಯಲ್ಲಿ ಲಂಬಾಣಿ, ಸಂತೆಯಲ್ಲಿ ಕನ್ನಡ, ನೆರೆಯವರೊಡನೆ ಉರ್ದು ಆಡುವ ಅಜ್ಜಿಯರು ನ್ಯಾಮತಿ, ಚನ್ನಗಿರಿ ತಾಂಡಾಗಳಲ್ಲಿ ಈಗಲೂ ಇದ್ದಾರೆ. ಜಗತ್ತಿನ ಕೆಲವು ಕಷ್ಟದ ಪ್ರಶ್ನೆಗಳಿಗೆ ಉತ್ತರ ಅವರಲ್ಲಿದೆ, ಯಾರೂ ಕೇಳಿಲ್ಲ ಅಷ್ಟೆ.

ಆದರೆ ಹೊಸ ಯಂತ್ರ ಬಂದ ಮಾತ್ರಕ್ಕೆ ಹಳೆಯ ಪಕ್ಷಪಾತ ಹೋಗುವುದಿಲ್ಲ. ವಿಆರ್ ಪರೀಕ್ಷೆಗಳೊಳಗೆ ನಾನು ಕಂಡ ಲೋಕ ಸೂಪರ್‌ಮಾರ್ಕೆಟ್ಟಿನದು, ಲಿಫ್ಟಿನದು, ಬಣ್ಣದ ಫಲಕಗಳ ಬೀದಿಯದು. ಅಂಥ ಕಡೆ ನಡೆದಾಡಿದ ಅನುಭವವೇ ಇಲ್ಲದವರಿಗೆ ಅರ್ಧ ಗಮನ ಆ ಜಾಗವನ್ನು ಅರ್ಥ ಮಾಡಿಕೊಳ್ಳುವುದಕ್ಕೇ ಹೋಗುತ್ತದೆ. ಕೈಯಲ್ಲಿ ಹಿಡಿಯುವ ಗುಂಡಿಗಳೂ ವಿಡಿಯೊ ಗೇಮ್ ಆಡಿದ ಹುಡುಗರ ಬೆರಳಿಗೆ ಒಗ್ಗಿದವು. ಕನ್ನಡಕ ಹಾಕಿದ ಸ್ವಲ್ಪ ಹೊತ್ತಿಗೇ ಕೆಲವರಿಗೆ ತಲೆ ಸುತ್ತಿ ಓಕರಿಕೆ ಬರುತ್ತದೆ. ಅಮೆರಿಕದ ಕೇ ಸ್ಟ್ಯಾನಿ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದಂತೆ ಹೆಂಗಸರಿಗೆ ಇದು ಹೆಚ್ಚಾಗುವುದಕ್ಕೆ ಮುಖ್ಯ ಕಾರಣ, ಯಂತ್ರದ ಎರಡು ಮಸೂರಗಳ ನಡುವಿನ ಅಂತರ ಅನೇಕ ಹೆಂಗಸರ ಕಣ್ಣುಗಳ ಅಂತರಕ್ಕೆ ಹೊಂದದಿರುವುದು. ಹೆಂಗಸರ ಮೆದುಳಿಗೆ ಇದು ಒಗ್ಗುವುದಿಲ್ಲ ಎಂದು ಬರೆದಿಡಬಹುದಾಗಿದ್ದ ದೋಷ ಯಂತ್ರದ್ದಾಗಿತ್ತು. ಹಾಗಾದರೆ ತುರುಬು ಕಟ್ಟಿದ, ಸೆರಗು ಹೊದ್ದ, ಕೂದಲಿಗೆ ಬೆಳ್ಳಿಯ ಆಭರಣ ಹೆಣೆದ ಲಂಬಾಣಿ ಅಜ್ಜಿಯ ತಲೆಗೆ ಆ ಪಟ್ಟಿ ಕೂರುತ್ತದೆಯೇ, ಪೊರೆ ಬಂದ ಕಣ್ಣಿಗೆ ಆ ಪರದೆ ಕಾಣುತ್ತದೆಯೇ ಎಂದು ಕಾರ್ಖಾನೆಯಲ್ಲಿ ಯಾರು ಯೋಚಿಸಿರುತ್ತಾರೆ? ಕೆಲವರು ಇದನ್ನೇ ಆಕ್ಷೇಪವಾಗಿ ಎತ್ತುತ್ತಾರೆ: ಯಂತ್ರ ಸರಿಯಾದ ಮೇಲೆ ಹಳ್ಳಿಗೆ ತನ್ನಿ, ಅಲ್ಲಿಯವರೆಗೆ ನಮ್ಮವರನ್ನು ಏಕೆ ಕಾಡುತ್ತೀರಿ? ನಮ್ಮವರು ಹಾಕಿಕೊಂಡು ಇದು ಕೂರುವುದಿಲ್ಲ ಎನ್ನದೆ ಅದು ಸರಿಯಾಗುವುದಿಲ್ಲ. ಬಲ್ಲಭಗಢದಲ್ಲಿ ಆದದ್ದು ಅದೇ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಇವೆಲ್ಲ ಆಟಿಕೆ, ಆಡಿ ಆಡಿ ಆಟ ಬರುತ್ತದೆಯೇ ಹೊರತು ಬುದ್ಧಿ ಬೆಳೆಯುವುದಿಲ್ಲ ಎನ್ನುತ್ತಾರೆ. ಅರ್ಧ ಮಾತು ನಿಜ. 2010ರಲ್ಲಿ ಬ್ರಿಟನ್ನಿನಲ್ಲಿ 11,430 ಮಂದಿ ಆರು ವಾರ ಕಂಪ್ಯೂಟರಿನಲ್ಲಿ ಮೆದುಳಿನ ವ್ಯಾಯಾಮ ಮಾಡಿದರು. ಮಾಡಿದ ಕೆಲಸದಲ್ಲಿ ಪಳಗಿದರು, ಅದಕ್ಕೆ ಹತ್ತಿರದ ಬೇರೆ ಕೆಲಸಗಳಿಗೂ ಆ ಲಾಭ ಹರಿಯಲಿಲ್ಲ. 2016ರಲ್ಲಿ ಲುಮೋಸಿಟಿ ಎಂಬ ಮೆದುಳು ತರಬೇತಿ ಕಂಪನಿ ಆಧಾರವಿಲ್ಲದೆ ಮರೆವು ತಡೆಯುತ್ತೇವೆಂದು ಜಾಹೀರಾತು ಕೊಟ್ಟದ್ದಕ್ಕೆ ಅಮೆರಿಕದ ವ್ಯಾಪಾರ ಆಯೋಗಕ್ಕೆ ಇಪ್ಪತ್ತು ಲಕ್ಷ ಡಾಲರ್ ಕಟ್ಟಬೇಕಾಯಿತು. ವಿಆರ್ ಕನ್ನಡಕ ಹಾಕಿದರೆ ಮಕ್ಕಳ ಜ್ಞಾಪಕಶಕ್ತಿ ಹೆಚ್ಚುತ್ತದೆ ಎಂದು ನಮ್ಮೂರ ಕೋಚಿಂಗ್ ಸೆಂಟರುಗಳಲ್ಲಿ ಯಾರಾದರೂ ಹಣ ಕೇಳಿದರೆ ಕೊಡಬಾರದು. ಆದರೆ ಅಳೆಯುವುದು ಬೇರೆ, ಬೆಳೆಸುವುದು ಬೇರೆ. ರಕ್ತದೊತ್ತಡ ನೋಡುವ ಪಟ್ಟಿ ಒತ್ತಡ ಇಳಿಸುವುದಿಲ್ಲ ಎಂದು ಯಾರೂ ಅದನ್ನು ಎಸೆಯುವುದಿಲ್ಲ. ಆಟಕ್ಕೆ ಪಳಗಿದವರಿಗೆ ಅಂಕ ಹೆಚ್ಚು ಬರುತ್ತದೆ ಎಂಬುದು ಇದ್ದೇ ಇದೆ. ಅಭ್ಯಾಸಕ್ಕೆ ಧಾರಾಳ ಸಮಯ ಕೊಟ್ಟು, ಯಂತ್ರ ಕೈವಶವಾದ ಮೇಲೆ ಅಂಕ ಎಣಿಸಬೇಕು. ಆ ಸಮಯ ಹೊನ್ನಾಳಿಯಲ್ಲಿ ಎಷ್ಟು, ಬೆಂಗಳೂರಿನಲ್ಲಿ ಎಷ್ಟು ಎಂಬುದೇ ಒಂದು ಉಪಯುಕ್ತ ಅಧ್ಯಯನ.

ಅಳತೆಗೆ ಕಾಲವೂ ಮುಖ್ಯ, ಇದನ್ನು ಕೃಷಿ ಊರುಗಳಿಗೆ ಬರುವವರು ಮರೆಯಲೇಬಾರದು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಆನಂದಿ ಮಾಣಿ ಮತ್ತು ಸಂಗಡಿಗರು ತಮಿಳುನಾಡಿನ 464 ಕಬ್ಬು ಬೆಳೆಗಾರರ ಬಗ್ಗೆ ಬರೆದರು. ಅದೇ ರೈತ ಕಟಾವಿಗೆ ಮೊದಲು, ಕೈಯಲ್ಲಿ ಕಾಸಿಲ್ಲದಾಗ, ಆಕೃತಿಗಳ ಒಗಟು ಬಿಡಿಸುವುದರಲ್ಲಿ ಹಿಂದೆ ಬಿದ್ದ, ಕಟಾವಾಗಿ ಹಣ ಬಂದ ಮೇಲೆ ಸುಧಾರಿಸಿದ. ಬಡತನದ ಚಿಂತೆಯೇ ತಲೆಯ ಜಾಗ ಕಬಳಿಸುತ್ತದೆ ಎಂಬುದು ಅವರ ತೀರ್ಮಾನ. ಎರಡನೆಯ ಸಲ ಅದೇ ಪರೀಕ್ಷೆ ಮಾಡಿದ್ದರಿಂದ ಹಾಗಾಯಿತೇ ಎಂಬ ತಕರಾರು ಬಂತು, ಅಮೆರಿಕದಲ್ಲಿ ಸಂಬಳದ ದಿನದ ಹಿಂದೆ ಮುಂದೆ ಹೀಗೆ ಪರೀಕ್ಷಿಸಿದವರಿಗೆ ಅಂಥ ಅಂತರ ಕಾಣಲೂ ಇಲ್ಲ. ನನಗೆ ಅದು ಎದುರು ಸಾಕ್ಷ್ಯವೆನಿಸುವುದಿಲ್ಲ. ತಿಂಗಳ ಸಂಬಳಕ್ಕೆ ನಾಲ್ಕು ದಿನ ಕಾಯುವುದಕ್ಕೂ ವರ್ಷದ ಒಂದೇ ಬೆಳೆಗೆ ಕಾಯುವುದಕ್ಕೂ ಅಜಗಜಾಂತರ. ಮಳೆ ಕೈಕೊಟ್ಟ ವರ್ಷ ಜಗಳೂರಿನ ರೈತನನ್ನು ಕೂರಿಸಿ ಗಮನ ಅಳೆದರೆ ಅಳತೆಗೆ ಸಿಕ್ಕುವುದು ಅವನ ಮೆದುಳೋ ಆ ವರ್ಷದ ಆಕಾಶವೋ? 57 ಕೆರೆಗಳನ್ನು ತುಂಗಭದ್ರೆಯಿಂದ ತುಂಬಿಸುವ ಯೋಜನೆಗಾಗಿ ವರ್ಷಗಟ್ಟಲೆ ಕಾದ ತಾಲ್ಲೂಕು ಅದು. ಅಡಿಕೆ ಧಾರಣೆ ಏರಿದ ವರ್ಷ ಚನ್ನಗಿರಿಯಲ್ಲಿ, ಮೆಕ್ಕೆಜೋಳದ ಧಾರಣೆ ಕುಸಿದ ವರ್ಷ ಹೊನ್ನಾಳಿಯಲ್ಲಿ ಒಂದೊಂದು ಸಲ ಪರೀಕ್ಷೆ ಮಾಡಿ ಇಷ್ಟು ಜಾಣರು, ಇಷ್ಟು ದಡ್ಡರು ಎಂದು ಬರೆದರೆ ಅದು ವಿಜ್ಞಾನವಾಗದು. ಒಂದೇ ಮನುಷ್ಯನನ್ನು ಎರಡು ಮೂರು ಹಂಗಾಮುಗಳಲ್ಲಿ ನೋಡಬೇಕು.

ಎಲ್ಲಕ್ಕಿಂತ ಬಲವಾದ ಆಕ್ಷೇಪ ನಂಬಿಕೆಯದು. ಹಳ್ಳಿಯವರನ್ನು ಪ್ರಯೋಗದ ಇಲಿ ಮಾಡುತ್ತಾರೆ ಎಂಬ ಭಯಕ್ಕೆ ಆಧಾರವಿಲ್ಲದಿಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಗರ್ಭಕಂಠದ ಕ್ಯಾನ್ಸರಿನ ಲಸಿಕೆಯನ್ನು ಸಾವಿರಾರು ಹುಡುಗಿಯರಿಗೆ ಹಾಕಿದ ಯೋಜನೆಯನ್ನು 2010ರ ಏಪ್ರಿಲ್‌ನಲ್ಲಿ ನಿಲ್ಲಿಸಬೇಕಾಯಿತು. ನಡುವೆ ಆದ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಎಂದು ತನಿಖೆ ಹೇಳಿತು. ಆದರೆ ಎಷ್ಟೋ ಹುಡುಗಿಯರ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳೂ ಮುಖ್ಯೋಪಾಧ್ಯಾಯರೂ ಒಪ್ಪಿಗೆಗೆ ಸಹಿ ಹಾಕಿದ್ದು ಸಾಬೀತಾಯಿತು, ತಂದೆ ತಾಯಿಗೆ ತಿಳಿದೇ ಇರಲಿಲ್ಲ. ಲಸಿಕೆ ಒಳ್ಳೆಯದೇ ಇರಬಹುದು, ಕೇಳದೆ ಮಾಡಿದ್ದು ತಪ್ಪೇ. ವಿಆರ್ ಅಧ್ಯಯನದಲ್ಲಿ ಸೂಜಿ ಇಲ್ಲ, ಮಾತ್ರೆ ಇಲ್ಲ, ಅದರಲ್ಲೇನು ಅಪಾಯ ಎನ್ನುವವರಿಗೂ ಒಂದು ಮಾತು ಹೇಳಬೇಕು. 2023ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ಐವತ್ತೈದು ಸಾವಿರಕ್ಕೂ ಹೆಚ್ಚು ವಿಆರ್ ಆಟಗಾರರ ತಲೆ ಮತ್ತು ಕೈಯ ಚಲನೆ ಮಾತ್ರ ನೋಡಿ, ನೂರು ಸೆಕೆಂಡಿನ ದಾಖಲೆಯಿಂದ ಇಂಥವರೇ ಎಂದು ನೂರಕ್ಕೆ 94ರಷ್ಟು ನಿಖರವಾಗಿ ಗುರುತಿಸಿದರು. ಹೆಸರು ಅಳಿಸಿದ್ದೇವೆ, ಆದ್ದರಿಂದ ಗುಟ್ಟು ಉಳಿಯುತ್ತದೆ ಎಂಬ ಭರವಸೆ ಇಲ್ಲಿ ಸಾಲದು. ತಲೆ ತಿರುಗಿಸುವ ರೀತಿಯೂ ಹೆಬ್ಬೆಟ್ಟಿನ ಗುರುತಿನಷ್ಟೇ ಖಾಸಗಿ. ಆದ್ದರಿಂದ ನಮ್ಮ ಕಡೆ ಬರುವ ತಂಡ ಆ ದಾಖಲೆ ಎಲ್ಲಿರುತ್ತದೆ, ಯಂತ್ರದ ಕಂಪನಿಗೆ ಹೋಗುತ್ತದೆಯೇ, ಎಷ್ಟು ವರ್ಷಕ್ಕೆ ಅಳಿಸುತ್ತಾರೆ ಎಂದು ಮೊದಲೇ ಹೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಒಪ್ಪಿಗೆಯ ವಿಷಯದಲ್ಲಿ ಸ್ಪಷ್ಟವಾಗಿದೆ: ತಿಳಿಯುವ ಭಾಷೆಯಲ್ಲಿ ವಿವರಿಸಬೇಕು, ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ತಂಡಕ್ಕೆ ಸಂಬಂಧಪಡದ ಸಾಕ್ಷಿ ಇರಬೇಕು, ಕಾರಣ ಕೊಡದೆ ಯಾವಾಗ ಬೇಕಾದರೂ ಎದ್ದು ಹೋಗಬಹುದು. ನಾನು ಕಂಡ ಒಪ್ಪಿಗೆ ಪತ್ರಗಳ ಕನ್ನಡ ಮಾತ್ರ ಕೋರ್ಟಿನ ಆದೇಶದಂತಿರುತ್ತದೆ. ಆಶಾ ಕಾರ್ಯಕರ್ತೆ ಮನೆಯ ಜಗುಲಿಯಲ್ಲಿ ಕೂತು ಹೇಳಿದರೆ ಅರ್ಥವಾಗುವ ಕನ್ನಡವೇ ಅದಕ್ಕೆ ಸಾಕು, ತಾಂಡಾಗಳಲ್ಲಿ ಲಂಬಾಣಿಯೇ ಬೇಕು.

ಇದರಿಂದ ನಮಗೇನು ಸಿಕ್ಕಿತು ಎಂದು ಕೇಳುವವರೂ ಇದ್ದಾರೆ. ಒಬ್ಬ ಸ್ವಯಂಸೇವಕನಿಗೆ ಆ ದಿನ ಬಹುತೇಕ ಏನೂ ಸಿಗುವುದಿಲ್ಲ, ಅದನ್ನು ಮುಚ್ಚಿಡಬಾರದು. ಫಲ ಬರುವ ದಾರಿ ಉದ್ದ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅರವತ್ತು ವರ್ಷದ ಮೇಲೆ ಸಂಶೋಧಕರು ಆ ಪುಸ್ತಕ ಹಿಡಿದು ಆ ಕೂಸುಗಳನ್ನು, ಆ ವೇಳೆಗೆ ತಲೆ ನರೆತವರನ್ನು, ಮೈಸೂರಿನಲ್ಲಿ ಹುಡುಕಿದರು. ಹೊಟ್ಟೆಯೊಳಗಿದ್ದಾಗಿನ ಪೋಷಣೆ ಮುಂದಿನ ಸಕ್ಕರೆ ಕಾಯಿಲೆಗೆ, ಹೃದಯಕ್ಕೆ, ಕೊನೆಗೆ ಮುಪ್ಪಿನ ನೆನಪಿನ ಶಕ್ತಿಗೆ ಹೇಗೆ ಸಂಬಂಧಿಸಿದೆ ಎಂಬ ಪ್ರಶ್ನೆಗೆ ಜಗತ್ತು ಈಗಲೂ ಮೈಸೂರಿನ ಕಡೆ ನೋಡುತ್ತದೆ. ತೊಟ್ಟಿಲ ಕಾಲದ ಅಳತೆ ಅಜ್ಜಂದಿರಾದ ಮೇಲೆ ಉಪಯೋಗಕ್ಕೆ ಬಂತು. ಈಚಿನ ಉದಾಹರಣೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರ. ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಆ ತಾಲ್ಲೂಕಿನ 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ನೆನಪು, ಗಮನದ ಪರೀಕ್ಷೆಗಳ ಜೊತೆಗೆ ರಕ್ತ ಪರೀಕ್ಷೆ, ಮೆದುಳಿನ ಸ್ಕ್ಯಾನ್ ಎಲ್ಲ ಅದರಲ್ಲಿವೆ. ಮಾವಿನ ತೋಟಗಳ ಆ ತಾಲ್ಲೂಕಿಗೆ ಆಗುವುದಾದರೆ ಅಡಿಕೆ ತೋಟಗಳ ತಾಲ್ಲೂಕಿಗೆ, ಒಣಬೇಸಾಯದ ತಾಲ್ಲೂಕಿಗೆ ಏಕೆ ಆಗದು? ಒಂದು ಎಚ್ಚರ ಮಾತ್ರ ಬೇಕು. ಬ್ರಿಟನ್ನಿನ ಐದು ಲಕ್ಷ ಜನರ ಆರೋಗ್ಯದ ಮಾಹಿತಿ ಕೂಡಿಟ್ಟ ಬಯೋಬ್ಯಾಂಕ್‌ಗೆ ಕರೆದವರಲ್ಲಿ ಬಂದವರು ನೂರಕ್ಕೆ ಐದಾರು ಮಂದಿ, ಬಂದವರು ಬಾರದವರಿಗಿಂತ ಆರೋಗ್ಯವಂತರು, ಉಳ್ಳವರು. ತಾವಾಗಿ ಬಂದವರನ್ನಷ್ಟೇ ಅಳೆದರೆ ತಾಲ್ಲೂಕು ಕೇಂದ್ರದ ನಿವೃತ್ತ ಮೇಷ್ಟ್ರುಗಳ ಅಧ್ಯಯನವಾಗುತ್ತದೆ. ಮನೆಮನೆಗೆ ಹೋಗಿ ಕರೆಯಬೇಕು, ಕೊನೆಯ ತಾಂಡಾದವರೆಗೆ.

ಕರೆದವರಿಗೆ ಹಣ ಕೊಡಬೇಕೆ ಎಂಬ ಚರ್ಚೆಯಲ್ಲಿ ನನ್ನ ನಿಲುವು ಹೀಗಿದೆ. ಅಡಿಕೆ ಸುಲಿಯುವ, ಮೆಕ್ಕೆಜೋಳ ಮುರಿಯುವ ದಿನಗಳಲ್ಲಿ ಕೂಲಿಯಾಳು ಅರ್ಧ ದಿನ ಕೊಟ್ಟರೆ ಅವಳ ಕೂಲಿ ಹೋಗುತ್ತದೆ. ಆ ಕೂಲಿ, ಬಸ್ಸಿನ ಖರ್ಚು, ಊಟ ಕೊಡುವುದು ಆಮಿಷವಲ್ಲ, ನ್ಯಾಯ. ಅದಕ್ಕಿಂತ ಬಹಳ ಹೆಚ್ಚು ಕೊಟ್ಟರೆ ಬೇಡವೆನ್ನುವ ಸ್ವಾತಂತ್ರ್ಯ ಬಡವರಿಗೆ ಉಳಿಯುವುದಿಲ್ಲ. ಹಣಕ್ಕಿಂತ ದೊಡ್ಡ ಸಾಲ ಫಲಿತಾಂಶದ್ದು. ಪರೀಕ್ಷೆಯಲ್ಲಿ ಅನುಮಾನ ಬಂದವರ ಮನೆಯವರಿಗೆ ಆ ವಾರವೇ ತಿಳಿಸಿ, ತಾಲ್ಲೂಕು ಆಸ್ಪತ್ರೆಗೆ ಚೀಟಿ ಕೊಟ್ಟು, ಅಲ್ಲಿ ನೋಡುವ ವೈದ್ಯರನ್ನು ಮೊದಲೇ ಗೊತ್ತುಮಾಡಿರಬೇಕು. ಅರವತ್ತಾಯಿತು, ಅರಳುಮರಳು ಸಹಜ ಎಂದು ಮೂಲೆಗೆ ಕೂರಿಸಿದ ಎಷ್ಟೋ ಹಿರಿಯರಲ್ಲಿ ಕಾರಣ ಥೈರಾಯ್ಡೋ ಬಿ12 ಕೊರತೆಯೋ ಕಿವಿ ಕೇಳದಿರುವುದೋ ಆಗಿರುತ್ತದೆ, ಅವಕ್ಕೆ ಔಷಧಿ ಇದೆ, ಉಪಕರಣ ಇದೆ. ಅಧ್ಯಯನ ಮುಗಿದ ಮೇಲೆ ಒಟ್ಟು ಫಲಿತಾಂಶವನ್ನು ಇಂಗ್ಲಿಷ್ ಪತ್ರಿಕೆಗೆ ಕಳಿಸುವ ತಂಡವೇ ಗ್ರಾಮಸಭೆಗೂ ಬಂದು ಕನ್ನಡದಲ್ಲಿ ಹೇಳಬೇಕು, ಪ್ರಶ್ನೆ ಕೇಳಲು ಅರ್ಧ ಗಂಟೆ ಬಿಡಬೇಕು. ಪರೀಕ್ಷೆಯೊಳಗಿನ ಬೀದಿ ನಮ್ಮವರಿಗೆ ಅಪರಿಚಿತವಾಗಿತ್ತು ಎಂದು ಅಲ್ಲಿ ಯಾರಾದರೂ ಎದ್ದು ಹೇಳಿದರೆ ಮುಂದಿನ ಸಲ ಸಾಫ್ಟ್‌ವೇರ್ ಬರೆಯುವವರು ಸಂತೇಬೆನ್ನೂರಿನ ಪುಷ್ಕರಣಿಯ ಸುತ್ತಲ ಓಣಿಗಳನ್ನೋ ಸವಳಂಗದ ಬಸ್ ನಿಲ್ದಾಣವನ್ನೋ ಚಿತ್ರಿಸಿಕೊಂಡು ಬರಲಿ. ಹಾಗೆ ಮಾಡಲು ಈಗ ಹೆಚ್ಚು ಖರ್ಚೂ ಇಲ್ಲ, ಒಂದು ಕ್ಯಾಮೆರಾ, ಕೆಲವು ದಿನದ ಕೆಲಸ, ಮತ್ತು ಆ ಓಣಿಗಳಲ್ಲಿ ನಡೆದಾಡುವವರನ್ನು ಕೇಳಿ ತಿದ್ದಿಕೊಳ್ಳುವ ತಾಳ್ಮೆ.